ಏಡಿ ಚಿಪ್ಪು ಕಾಯಿಸಿದರೆ ಏನು ಸಿಗುತ್ತದೆ?

ಮಳೆಗಾಲದ ಕಕ್ಕಡ ತಿಂಗಳಲ್ಲಿ ಕೊಡಗಿನ ಮನೆಗಳಲ್ಲಿ ಏಡಿ ಸಾರು, ಕುಮ್ಮು (ಅಣಬೆ) ಕರಿ ಇದ್ದದ್ದೇ. ಗದ್ದೆಯ ಏಡಿಗೂ ಕಾಡಿನ ಅಣಬೆಗೂ ಏನು ನಂಟು ಅಂತೀರಾ? ಎರಡರಲ್ಲೂ ಕೈಟಿನ್ ಎಂಬ ಗಟ್ಟಿ ನಾರಿನಂಥ ವಸ್ತು ಇದೆ. ಅರೇಬಿಕಾ ಕಾಫಿ ಗಿಡ ಕೊರೆಯುವ ಬೋರರ್ ದುಂಬಿಯ ಕವಚದಲ್ಲೂ ಅದೇ.

1811ರಲ್ಲಿ ಫ್ರಾನ್ಸಿನ ಬ್ರಾಕೊನೊ ಇದನ್ನು ಮೊದಲು ಕಂಡದ್ದು ಅಣಬೆಯಲ್ಲಿ. 1823ರಲ್ಲಿ ಓಡಿಯೇ ಕೀಟಗಳಲ್ಲೂ ಕಂಡು, ಈಗಿನ ಹೆಸರಿಟ್ಟರು. 1859ರಲ್ಲಿ ರೂಜೆ ಕೈಟಿನ್ ಅನ್ನು ಕ್ಷಾರದಲ್ಲಿ ಕುದಿಸಿ ಅದರದೇ ಮಾರ್ಪಾಡೊಂದನ್ನು, ಇವತ್ತು ನಾವು ಕೈಟೋಸಾನ್ ಅನ್ನುವುದನ್ನು ಪಡೆದರು. ಆಮೇಲೆ ಉದ್ಯಮ ಹಿಡಿದದ್ದೂ ಇದೇ ದಾರಿ. ಚಿಪ್ಪಿನ ಸುಣ್ಣ ಕರಗಿಸಲು ಆಮ್ಲ, ಪ್ರೋಟೀನ್ ತೆಗೆಯಲು ಕ್ಷಾರ. ಆ ಕೊಳೆನೀರನ್ನು ಎಲ್ಲಿಗೆ ಬಿಡೋದು? ಬೆಂಕಿಯ ದಾರಿಯತ್ತ ಕಣ್ಣು ಹೋಗಲು ಇದೂ ಒಂದು ಕಾರಣ.

ಬೆಂಕಿ ಅಂದರೆ ಸುಮ್ನೆ ಸುಡುವುದಲ್ಲ. ಗಾಳಿಯಾಡದ ಪಾತ್ರೆಯಲ್ಲಿಟ್ಟು ಕಾಯಿಸಬೇಕು. ಮೊದಲು ತೇವ ಹೋಗುತ್ತದೆ. 300 ಡಿಗ್ರಿ ದಾಟಿದ ಮೇಲೆ ಕೈಟಿನ್ ಒಡೆಯಲು ಶುರು. 400ರ ಹೊತ್ತಿಗೆ ದೊಡ್ಡ ಪಾಲು ಒಡೆದಿರುತ್ತದೆ. ಸೌದೆಯಂತೆ ಇಲ್ಲೂ ಇದ್ದಿಲು, ಎಣ್ಣೆಯಂಥ ದ್ರವ, ಅನಿಲ ಸಿಗುತ್ತವೆ. ಆದರೆ ಸೌದೆಯ ಸೆಲ್ಯುಲೋಸಿನಲ್ಲಿ ಸಾರಜನಕ ಇಲ್ಲ. ಕೈಟಿನ್ನಿನ ತೂಕದಲ್ಲಿ ಸುಮಾರು ಶೇ. 7ರಷ್ಟಿದೆ. ವ್ಯತ್ಯಾಸವೆಲ್ಲ ಅಲ್ಲೇ. ಆವಿ ತಣಿದು ಬರುವ ಕಂದು ದ್ರವದಲ್ಲಿ ಅಸಿಟಿಕ್ ಆಮ್ಲದ ಜೊತೆಗೆ ಸಾರಜನಕವಿರುವ ಅಸಿಟಮೈಡ್, ಪಿರಿಡಿನ್, ಪೈರೋಲ್, ಪೈರಜಿನ್‌ಗಳು ಇರುತ್ತವೆ. ಕಾಫಿ ಬೀಜ ಹುರಿಯುವಾಗ ಮನೆ ತುಂಬುವ ಘಮದಲ್ಲೂ ಪೈರಜಿನ್‌ಗಳದೇ ಬಳಗ ಉಂಟು. ಹಾಗಂತ ಚಿಪ್ಪಿನ ಹೊಗೆ ಘಮಘಮಿಸುತ್ತದೆ ಅಂದುಕೊಳ್ಳಬೇಡಿ. ಪಿರಿಡಿನ್ ಒಂದೇ ಸಾಕು, ಮೂಗು ಮುಚ್ಚಿಕೊಳ್ಳಲು.

1984ರ ಹೊತ್ತಿಗೇ ಈ ದ್ರವದಲ್ಲಿ ಸಾರಜನಕ ಹೊತ್ತ ಫ್ಯುರಾನ್‌ಗಳನ್ನು (ಉಂಗುರದಾಕಾರದ ಅಣುಗಳು) ಗುರುತಿಸಿದ್ದರು. ಪೆಟ್ರೋಲಿಯಂ ಇಲ್ಲದೆ ಔಷಧಿಯ ಕಚ್ಚಾವಸ್ತು ಸಿಗಬಹುದು ಅನ್ನುವ ಆಸೆ ಅಲ್ಲಿಂದಲೇ. ಏಡಿ, ಸಿಗಡಿ, ಲಾಬ್‌ಸ್ಟರ್ ಚಿಪ್ಪು ಜಗತ್ತಿನಲ್ಲಿ ವರ್ಷಕ್ಕೆ 60–80 ಲಕ್ಷ ಟನ್ ಕಸವಾಗುತ್ತದೆ ಎಂದು 2015ರಲ್ಲಿ ಸಿಂಗಾಪುರದ ಸಂಶೋಧಕರು ಬರೆದ ಮೇಲೆ ಆಸಕ್ತಿ ಇನ್ನೂ ಜಾಸ್ತಿಯಾಯಿತು. ತೊಡಕು ಒಂದೇ: ದ್ರವದಲ್ಲಿ ಹತ್ತಾರು ವಸ್ತು ಕಲಸಿಕೊಂಡಿರುತ್ತವೆ, ಬೇರ್ಪಡಿಸುವ ಖರ್ಚೇ ತಲೆನೋವು.

ನನಗೆ ಇದ್ದಿಲೇ ಹೆಚ್ಚು ಇಷ್ಟ. ಸಾರಜನಕದ ಒಂದು ಪಾಲು ಅದರಲ್ಲೇ ಉಳಿಯುತ್ತದೆ. ನೀರಿನ ಬಣ್ಣ, ಭಾರಲೋಹ ಹೀರಲು, ವಿದ್ಯುತ್ ಶೇಖರಿಸುವ ಸಾಧನಗಳಿಗೆ ಅದನ್ನು ಪ್ರಯೋಗಿಸುತ್ತಿದ್ದಾರೆ. ಏಡಿ ಚಿಪ್ಪಾದರೆ ಸುಣ್ಣದಂಶವೂ ಜೊತೆಗಿರುತ್ತದೆ. ಕೊಡಗಿನ ಹುಳಿ ಮಣ್ಣಿಗೆ ಬೆಳೆಗಾರರು ಹೇಗೂ ಸುಣ್ಣ ಹಾಕುತ್ತಾರಲ್ವಾ? ಆದರೆ ಉರಿ ಏರಿಸಿದಷ್ಟೂ ಸಾರಜನಕ ಅಮೋನಿಯಾ, ವಿಷದ ಹೈಡ್ರೋಜನ್ ಸಯನೈಡ್ ಆಗಿ ಹೊರಡುತ್ತದೆ. ಹಿತ್ತಲಿನ ಡ್ರಮ್ಮಿನಲ್ಲಿ ಮಾಡುವ ಕೆಲಸ ಇದಲ್ಲ.

ಚಿಪ್ಪಿನ ರಾಶಿ ಇರುವುದೂ ಕರಾವಳಿಯಲ್ಲಿ. ಅದನ್ನು ಲಾರಿಯಲ್ಲಿ ಘಾಟಿ ಹತ್ತಿಸಿ ಮಡಿಕೇರಿಗೆ ತರುವುದರಲ್ಲಿ ಅರ್ಥವಿಲ್ಲ. ಕುಲುಮೆ ಹಾಕುವುದಾದರೆ ಮಲ್ಪೆಯಲ್ಲೋ ಮಂಗಳೂರಲ್ಲೋ ಹಾಕಲಿ. ಕಕ್ಕಡದ ನಾಲ್ಕು ಏಡಿ ಚಿಪ್ಪಿಗೆ ನಮ್ಮಲ್ಲಿ ಕಾಫಿ ಸಿಪ್ಪೆಯ ಗೊಬ್ಬರದ ಗುಂಡಿ ಸಾಕು. ಕೈಟಿನ್ ತಿನ್ನುವ ಬ್ಯಾಕ್ಟೀರಿಯಾ ಮಣ್ಣಲ್ಲೇ ಇವೆ.