ಬೌದ್ಧರಲ್ಲದ ನಾವು ಹಳ್ಳಿಯ ವಿಹಾರದೊಳಗೆ ಹೋಗಬಹುದೇ?

ಪ್ರಶ್ನೆ: ಮನೆಯವರೆಲ್ಲ ಸೇರಿ ಶ್ರೀಲಂಕಾ ಪ್ರವಾಸಕ್ಕೆ ಹೊರಟಿದ್ದೇವೆ. ಕ್ಯಾಂಡಿ, ದಂಬುಲ್ಲಗಳ ಜೊತೆಗೆ, ಜನಸಂದಣಿಯಿಲ್ಲದ ಹಳ್ಳಿಯ ಬೌದ್ಧ ವಿಹಾರವೊಂದನ್ನೂ ನೋಡುವ ಆಸೆ. ನಾವು ಬೌದ್ಧರಲ್ಲ. ಒಳಗೆ ಬಿಡುತ್ತಾರೆಯೇ? ಹೇಗೆ ನಡೆದುಕೊಳ್ಳಬೇಕು?

ಉತ್ತರ: ಧಾರಾಳವಾಗಿ ಬಿಡುತ್ತಾರೆ. ನೀವು ಯಾರು, ಯಾವ ಧರ್ಮದವರು ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಯಾವ ವಿಹಾರವೆಂದು ಇನ್ನೂ ಗೊತ್ತುಮಾಡಿರದಿದ್ದರೆ ರಿದಿ ವಿಹಾರಕ್ಕೆ ಹೋಗಿ. ತೆಂಗಿನ ತೋಟಗಳ ಸೀಮೆಯಾದ ಕುರುಣೇಗಲ ಪಟ್ಟಣದಿಂದ ಸುಮಾರು 20 ಕಿ.ಮೀ. ದೂರದಲ್ಲಿ ರಿದಿಗಮ ಎಂಬ ಊರಿದೆ. ಅಲ್ಲಿಯವರೆಗೆ ಬಸ್, ಮುಂದೆ ಸ್ವಲ್ಪ ದೂರ ಆಟೋ.

ಸಿಂಹಳದಲ್ಲಿ ರಿದಿ ಎಂದರೆ ಬೆಳ್ಳಿ. ಆ ಹೆಸರಿನ ಹಿಂದಿರುವ ಕಥೆಯನ್ನು ತಿಳಿದುಕೊಂಡು ಹೋದರೆ ಅಲ್ಲಿನ ನಡಾವಳಿಯ ಅರ್ಧ ಪಾಠ ಆದಂತೆಯೇ. ಕ್ರಿ.ಪೂ. 2ನೇ ಶತಮಾನದಲ್ಲಿ ದೊರೆ ದುಟ್ಟಗಾಮಣಿ ಅನುರಾಧಪುರದಲ್ಲಿ ಮಹಾಸ್ತೂಪವನ್ನು ಕಟ್ಟಿಸುತ್ತಿದ್ದ. ಆಗ ಶುಂಠಿ ತರಲೆಂದು ಗಾಡಿ ಕಟ್ಟಿಕೊಂಡು ಮಲೆಸೀಮೆಗೆ ಹೊರಟ ವರ್ತಕನೊಬ್ಬ ಚಾವಟಿಗೆ ಕೋಲು ಕಡಿಯಲು ಬೆಟ್ಟ ಹತ್ತಿದ ಎನ್ನುತ್ತದೆ ಲಂಕೆಯ ಪ್ರಾಚೀನ ಇತಿಹಾಸ ಗ್ರಂಥ ಮಹಾವಂಶ. ಅಲ್ಲೊಂದು ಹಲಸಿನ ಹಣ್ಣು. ಕೊಡದಷ್ಟು ದೊಡ್ಡದು, ತನ್ನ ಭಾರಕ್ಕೆ ಕೊಂಬೆಯನ್ನೇ ಬಗ್ಗಿಸಿ ಬಂಡೆಯ ಮೇಲೆ ಕುಳಿತಿತ್ತು. ಮೊದಲ ಪಾಲು ದಾನಕ್ಕೆ ಎಂದುಕೊಂಡ ವರ್ತಕ ಊಟದ ಹೊತ್ತಾಯಿತೆಂದು ಸಾರಿದ. ಬಂದ ಭಿಕ್ಷುಗಳಿಗೆ ಹಣ್ಣು ಕೊಟ್ಟ. ಆಮೇಲೆ ಇಂದಗುತ್ತ ಎಂಬ ಥೇರ (ಹಿರಿಯ ಭಿಕ್ಷು) ತೋರಿಸಿದ ದಾರಿ ಹಿಡಿದವನಿಗೆ ಗುಹೆಯಲ್ಲಿ ಬೆಳ್ಳಿ ಕಂಡಿತು. ಅದನ್ನು ತಾನೇ ಇಟ್ಟುಕೊಳ್ಳದೆ ದೊರೆಗೆ ಸುದ್ದಿ ಮುಟ್ಟಿಸಿದ. ಇಲ್ಲಿನ ಪುಟ್ಟ ಕಲ್ಲಿನ ಗುಡಿಯೊಂದನ್ನು ಇಂದಿಗೂ ವರಕ ವಲಂದು ವಿಹಾರ, ಅಂದರೆ ಹಲಸು ಸವಿದ ವಿಹಾರ ಎನ್ನುತ್ತಾರೆ. ಗಟ್ಟಿ ತೊಳೆಯ ನಮ್ಮ ಬಕ್ಕೆ ಹಲಸೇ ಅವರ ವರಕ.

ಕಥೆಯಲ್ಲಿ ಬರುವ ‘ಊಟದ ಹೊತ್ತು’ ಎಂಬ ಮಾತನ್ನು ಗಮನಿಸಿ. ಭಿಕ್ಷುಗಳು ಮಧ್ಯಾಹ್ನ 12ರ ನಂತರ ಊಟ ಮಾಡುವುದಿಲ್ಲ. ನಮ್ಮವರು ಭಕ್ತಿಯಿಂದಲೇ ಸಂಜೆ ಹಣ್ಣು, ಸಿಹಿ ಹಿಡಿದು ಹೋಗಿ ಈಗಲೇ ಸ್ವೀಕರಿಸಿ ಎಂದು ಒತ್ತಾಯಿಸುತ್ತಾರೆ. ಎದುರಿಗಿರುವವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತಾರೆ. ಏನಾದರೂ ಕೊಡುವುದಿದ್ದರೆ ಬೆಳಿಗ್ಗೆ ಹೋಗಿ, ಎರಡೂ ಕೈಗಳಿಂದ ಕೊಡಿ. ಭಿಕ್ಷುಗಳಿಗೆ ಕೈಮುಗಿದರೆ ಸಾಕು, ಕೈಕುಲುಕಲು ಹೋಗಬಾರದು. ಹೆಂಗಸರು ಅವರನ್ನು ಮುಟ್ಟಬಾರದು.

ಉಳಿದದ್ದರಲ್ಲಿ ಬಹುಪಾಲು ನಮಗೆ ಮನೆಯಲ್ಲೇ ಕಲಿಸಿದ್ದು. ಚಪ್ಪಲಿ, ಟೋಪಿ ಹೊರಗೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ. ಬಿಳಿಯದಾದರೆ ಇನ್ನೂ ಒಳ್ಳೆಯದು, ಅಲ್ಲಿನ ಭಕ್ತರು ಉಡುವುದೂ ಅದೇ. ಅರ್ಪಿಸುವ ಹೂವನ್ನು ಅವರೂ ಮೂಸುವುದಿಲ್ಲ. ಸ್ತೂಪಕ್ಕೂ ಬೋಧಿವೃಕ್ಷಕ್ಕೂ ಬಲಕ್ಕೆ ಪ್ರದಕ್ಷಿಣೆ. ಆದರೆ ಬುದ್ಧನ ಮುಂದೆ ತೆಂಗಿನಕಾಯಿ ಒಡೆಯುವುದಿಲ್ಲ, ಮಂಗಳಾರತಿ ಇಲ್ಲ, ತೀರ್ಥವೂ ಇಲ್ಲ. ಹೂವಿಟ್ಟು ದೀಪ ಹಚ್ಚಿ ಸುಮ್ಮನೆ ಕುಳಿತುಕೊಳ್ಳುವುದು. ಕುಳಿತಾಗ ಕಾಲನ್ನು ಮೂರ್ತಿಯ ಕಡೆಗೆ ಚಾಚಬೇಡಿ.

ಫೋಟೊ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಬುದ್ಧನಿಗೆ ಬೆನ್ನು ಹಾಕಿ ನಿಂತು ಚಿತ್ರ ತೆಗೆಸಿಕೊಳ್ಳುವುದನ್ನು ಅಲ್ಲಿ ಅಪಚಾರವೆಂದೇ ಎಣಿಸುತ್ತಾರೆ. 2012ರಲ್ಲಿ ಬುದ್ಧನ ಮೂರ್ತಿಗೆ ಮುತ್ತಿಡುವಂತೆ ಚಿತ್ರ ತೆಗೆಸಿಕೊಂಡ ಫ್ರಾನ್ಸಿನ ಮೂವರು ಪ್ರವಾಸಿಗರಿಗೆ ನ್ಯಾಯಾಲಯ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ವಿಧಿಸಿತು. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆಯಿದ್ದ ಬ್ರಿಟಿಷ್ ಮಹಿಳೆಯನ್ನು ದೇಶದಿಂದಲೇ ಹೊರಗೆ ಕಳುಹಿಸಿದರು. ಆ ಎರಡನೆಯದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೂ ಅತಿಥಿಗಳಾಗಿ ಹೋಗುವವರು ಅದನ್ನು ತಿಳಿದಿರಬೇಕು. ಮಕ್ಕಳಿಗೆ ಮೊದಲೇ ಹೇಳಿಡಿ.

ಇನ್ನು ಒಳಗೆ ನೋಡಬೇಕಾದದ್ದು. ಕೆಳಗಿನ ಗುಹೆಯಲ್ಲಿ ಸುಮಾರು 9 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ. ಮೂರ್ತಿಯ ಮುಂದಿನ ಜಗಲಿಗೆ ಹೊದಿಸಿರುವುದು ನೀಲಿ–ಬಿಳುಪು ಬಣ್ಣದ ಡಚ್ ಹೆಂಚುಬಿಲ್ಲೆಗಳು. ಬಗ್ಗಿ ನೋಡಿದರೆ ಅವುಗಳ ಮೇಲೆ ಬೈಬಲ್ಲಿನ ದೃಶ್ಯಗಳು! ಡಚ್ಚರು ಕೊಟ್ಟ ಕಾಣಿಕೆ ಅದು ಎನ್ನುತ್ತಾರೆ. ಪರಧರ್ಮದ ಚಿತ್ರಗಳನ್ನು ಬುದ್ಧನ ಎದುರಿಗೇ ಇರಿಸಿಕೊಂಡವರು ನಿಮ್ಮನ್ನು ಬಾಗಿಲಲ್ಲಿ ತಡೆಯುವರೇ? ಮೇಲಿನ ವಿಹಾರ ಕೀರ್ತಿಶ್ರೀ ರಾಜಸಿಂಹನ (1747–1782) ಕಾಲದ್ದು. ಮದುರೆಯ ಕಡೆಯಿಂದ ಹೋದ ನಾಯಕ ಮನೆತನದ ದೊರೆ ಆತ; ಲಂಕೆಯ ಎಷ್ಟೋ ವಿಹಾರಗಳನ್ನು ಜೀರ್ಣೋದ್ಧಾರ ಮಾಡಿಸಿದವನು. ಒಂಬತ್ತು ಹೆಂಗಳೆಯರು ಸೇರಿ ಆನೆಯ ಆಕಾರ ತಾಳುವ ನವನಾರಿ ಕುಂಜರವೂ ಈ ವಿಹಾರದಲ್ಲಿದೆ. ನಮ್ಮಲ್ಲಿ ಅದೇ ಹೆಸರಿನ ಚಿತ್ರವನ್ನು ಕಂಡವರಿಗೆ ಅಲ್ಲಿ ಹಳೆಯ ಪರಿಚಯದವರನ್ನು ಕಂಡಷ್ಟು ಸಂತೋಷವಾಗುತ್ತದೆ.

ಹುಣ್ಣಿಮೆಯ ದಿನವನ್ನು ಅಲ್ಲಿ ಪೋಯ ಎನ್ನುತ್ತಾರೆ. ಅಂದು ದೇಶಕ್ಕೆಲ್ಲ ರಜೆ. ಬಿಳಿಯುಟ್ಟ ಊರವರು ಇಡೀ ದಿನ ಶೀಲ (ವ್ರತನಿಯಮ) ಹಿಡಿದು ವಿಹಾರದಲ್ಲೇ ಇರುತ್ತಾರೆ. ಅದು ನೋಡಲು ಚೆಂದ, ಆದರೆ ನೀವು ಬಯಸಿದ ಏಕಾಂತ ಸಿಗದು. ಬೇರೆ ದಿನ ಬೆಳಿಗ್ಗೆಯೇ ಹೋಗಿ, ಬಿಸಿಲೇರಿದರೆ ಬರಿಗಾಲಿಗೆ ಬಂಡೆ ಸುಡುತ್ತದೆ. ಹಳ್ಳಿಯ ವಿಹಾರಗಳಲ್ಲಿ ಒಳಬಾಗಿಲಿಗೆ ಬೀಗವಿರುವುದುಂಟು. ಹಿಂದಿರುಗಿ ಬರಬೇಡಿ, ಅಲ್ಲಿಯೇ ಇರುವ ಭಿಕ್ಷುವನ್ನೋ ಕೆಲಸದವರನ್ನೋ ಕೇಳಿ, ಬೀಗದ ಕೈ ತರುವವರೆಗೆ ನೆರಳಿನಲ್ಲಿ ಕಾಯಿರಿ.