ಓದುಗರ ಪ್ರಶ್ನೆ: ಸಿಂಪಿ ದಿಬ್ಬ ಬೆಳೆಸಿದರೆ ಕಡಲ್ಕೊರೆತ ನಿಲ್ಲುತ್ತದೆಯೇ?

ಪ್ರಶ್ನೆ: ಕಲ್ಲಿನ ತಡೆಗೋಡೆಯ ಬದಲು ಸಿಂಪಿಗಳ (ಆಯ್ಸ್ಟರ್) ದಿಬ್ಬ ಬೆಳೆಸಿದರೆ ಕಡಲ್ಕೊರೆತ ನಿಲ್ಲುತ್ತದೆ, ಚಂಡಮಾರುತವೂ ಅದನ್ನು ದಾಟಲಾರದು ಎಂದು ಓದಿದೆ. ಇದು ನಿಜವೇ?

ಉತ್ತರ: ಪ್ರಶ್ನೆಯ ಮೊದಲ ಭಾಗಕ್ಕೆ ನನ್ನ ಉತ್ತರ ‘ಸರಿಯಾದ ಜಾಗವಾದರೆ, ಒಂದು ಮಟ್ಟಿಗೆ ಹೌದು’ ಎಂಬುದು. ಎರಡನೆಯ ಭಾಗಕ್ಕೆ ಉತ್ತರ ‘ಇಲ್ಲ’. ಈ ‘ಇಲ್ಲ’ವನ್ನು ಹಿಂದೆಯೂ ಹಲವು ಬಾರಿ ಬರೆದಿದ್ದೇನೆ, ಆದರೂ ಎಲ್ಲಾದರೂ ಒಂದು ಚಂಡಮಾರುತ ಬಂದುಹೋದ ಮೇಲೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಬರಿಯ ಹೇಳಿಕೆಯಿಂದ ಪ್ರಯೋಜನವಾಗದ ಕಾರಣ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಸಿಂಪಿಯ ಮರಿ ಎರಡು ಮೂರು ವಾರ ನೀರಿನಲ್ಲಿ ಅಲೆದಾಡಿ, ಗಟ್ಟಿಯಾದ ನೆಲೆ ಸಿಕ್ಕಿದೊಡನೆ ತನ್ನನ್ನು ಅದಕ್ಕೆ ಗಾರೆ ಹಾಕಿದಂತೆ ಅಂಟಿಸಿಕೊಂಡು, ಜೀವಮಾನವೆಲ್ಲ ಅಲ್ಲಿಯೇ ಉಳಿಯುತ್ತದೆ. ಅದು ಹೆಚ್ಚು ಒಲಿಯುವ ನೆಲೆ ಇನ್ನೊಂದು ಸಿಂಪಿಯ ಚಿಪ್ಪೇ ಆದ್ದರಿಂದ ತಲೆಮಾರಿನ ಮೇಲೆ ತಲೆಮಾರು ಕುಳಿತು, ಸತ್ತವುಗಳ ಚಿಪ್ಪಿನ ಮೇಲೆ ಬದುಕಿರುವವು ಬೆಳೆದು, ಉಬ್ಬುತಗ್ಗುಗಳಿಂದ ಕೂಡಿದ ಗಡುಸಾದ ದಿಬ್ಬವೊಂದು ಏಳುತ್ತದೆ. ಅದನ್ನು ಹಾಯುವ ಅಲೆ ಆ ಒರಟು ಮೈಗೆ ಉಜ್ಜಿ, ಒಡೆದು, ತನ್ನ ಶಕ್ತಿಯ ಒಂದಂಶವನ್ನು ಅಲ್ಲೇ ಕಳೆದುಕೊಳ್ಳುತ್ತದೆ. ದಿಬ್ಬದ ಹಿಂದೆ ನೀರು ಶಾಂತವಾಗುವುದರಿಂದ ಹೂಳು ತಂಗುತ್ತದೆ, ಹೂಳಿನ ಮೇಲೆ ಜೌಗು ಹುಲ್ಲು ಬೇರೂರಬಹುದು.

ಇನ್ನು ಆ ಹಠಮಾರಿ ತಪ್ಪು ಕಲ್ಪನೆಗೆ ಬರೋಣ. ದಿಬ್ಬವನ್ನು ನೀರಿನೊಳಗಿನ ಗೋಡೆಯೆಂದು ಭಾವಿಸುವುದೇ ಅದರ ಬೇರು. ದಿಬ್ಬ ನೀರನ್ನು ತಡೆಯುವುದೇ ಇಲ್ಲ. ತನ್ನ ಮೇಲೆ ಹಾಯುವ ಅಲೆಯನ್ನು ತಗ್ಗಿಸುತ್ತದೆ, ಅಷ್ಟೇ. ಅಲೆಯ ಎತ್ತರವು ನೀರಿನ ಆಳದ ಸುಮಾರು 0.78ರಷ್ಟನ್ನು ಮೀರಿದಾಗ ಅಲೆ ಒಡೆಯುತ್ತದೆ ಎಂಬುದು ಕರಾವಳಿ ಎಂಜಿನಿಯರುಗಳು ಸ್ಥೂಲವಾಗಿ ಬಳಸುವ ಅನುಪಾತ. ದಿಬ್ಬದ ನೆತ್ತಿಯ ಮೇಲೆ ಅರ್ಧ ಮೀಟರ್ ನೀರಿದೆ ಎಂದುಕೊಳ್ಳಿ. ಆಗ 0.4 ಮೀಟರಿಗಿಂತ ಎತ್ತರದ ಅಲೆಗಳು ಅಲ್ಲಿಯೇ ಒಡೆಯುತ್ತವೆ. ಅಲೆಯ ಶಕ್ತಿ ಅದರ ಎತ್ತರದ ವರ್ಗವನ್ನು ಅನುಸರಿಸುವುದರಿಂದ, ಎತ್ತರ ಅರ್ಧಕ್ಕಿಳಿದರೆ ದಡಕ್ಕೆ ಮುಟ್ಟುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಸಣ್ಣ ಲಾಭವಲ್ಲ.

ಈಗ ಚಂಡಮಾರುತ ಬಂದಿತೆನ್ನಿ. ಅದು ದೊಡ್ಡ ಅಲೆಗಳನ್ನು ಎಬ್ಬಿಸುವುದಷ್ಟೇ ಅಲ್ಲದೆ ಸಮುದ್ರದ ಮಟ್ಟವನ್ನೇ ಗಂಟೆಗಟ್ಟಲೆ ಏರಿಸಿ ಇಡುತ್ತದೆ. ನೀರು 2 ಮೀಟರ್ ಏರಿದರೆ ಅದೇ ದಿಬ್ಬದ ನೆತ್ತಿಯ ಮೇಲೆ ಈಗ ಎರಡೂವರೆ ಮೀಟರ್ ನೀರು. ಲೆಕ್ಕ ಹಾಕಿ ನೋಡಿ: 1.9 ಮೀಟರ್ ಎತ್ತರದ ಅಲೆಯೂ ಒಡೆಯದೆ ದಾಟಿಹೋಗುತ್ತದೆ. ಏರಿದ ನೀರಂತೂ ದಿಬ್ಬದ ಮೇಲಿನಿಂದ, ಪಕ್ಕದಿಂದ, ಸಂದುಗಳಿಂದ ನುಗ್ಗಿ ತನ್ನ ಪಾಡಿಗೆ ಊರೊಳಗೆ ಹೋಗುತ್ತದೆ. ಎಲ್ಲರಿಗೂ ಭಯವಿರುವ ಆ ದಿನವೇ ದಿಬ್ಬ ಅತ್ಯಂತ ನಿಷ್ಪ್ರಯೋಜಕವಾಗಿರುತ್ತದೆ.

‘ಹಾಗಾದರೆ ಇನ್ನೂ ಎತ್ತರ ಬೆಳೆಸಿದರಾಯಿತಲ್ಲ’ ಎಂಬ ಮರುಪ್ರಶ್ನೆ ತಪ್ಪದೆ ಬರುತ್ತದೆ. ಬೆಳೆಸಲಾಗದು. ಸಿಂಪಿ ನೀರನ್ನು ಸೋಸಿ ಆಹಾರ ಪಡೆಯುವ ಜೀವಿ. ಇಳಿತದ ವೇಳೆ ಚಿಪ್ಪು ಮುಚ್ಚಿಕೊಂಡು ಕೆಲವು ಗಂಟೆ ತಾಳಿಕೊಂಡರೂ, ಉಬ್ಬರದ ಗೆರೆಗಿಂತ ಮೇಲೆ ಅದಕ್ಕೆ ಬದುಕಿಲ್ಲ. ದಿಬ್ಬದ ಎತ್ತರದ ಮಿತಿಯನ್ನು ಸಮುದ್ರವೇ ನಿಗದಿಪಡಿಸಿದೆ, ಎಂಜಿನಿಯರಲ್ಲ.

ನಂಬದವರು ಸಾಮಾನ್ಯವಾಗಿ ನ್ಯೂಯಾರ್ಕಿನ ಉದಾಹರಣೆಯನ್ನು ಮುಂದಿಡುತ್ತಾರೆ. 2012ರ ಸ್ಯಾಂಡಿ ಚಂಡಮಾರುತದ ಬಳಿಕ ಸ್ಟೇಟನ್ ಐಲೆಂಡಿನ ಟಾಟನ್‌ವಿಲ್ ತೀರದಾಚೆ ‘ಲಿವಿಂಗ್ ಬ್ರೇಕ್‌ವಾಟರ್ಸ್’ ಎಂಬ ಯೋಜನೆ ರೂಪುಗೊಂಡು 2024ರಲ್ಲಿ ಅದರ ನಿರ್ಮಾಣ ಮುಗಿಯಿತು. ಸಿಂಪಿಗಳೇ ಊರನ್ನು ಕಾಯುತ್ತಿವೆ ಎಂಬಂತೆ ಅದರ ಬಗ್ಗೆ ಬರೆದವರಿದ್ದಾರೆ. ಅಲ್ಲಿ ಅಲೆ ಒಡೆಯುತ್ತಿರುವುದು ಕಲ್ಲು ಮತ್ತು ಕಾಂಕ್ರೀಟಿನ ಎಂಟು ಕಟ್ಟೆಗಳಿಂದ. ಸಿಂಪಿ, ಮೀನು, ಏಡಿಗಳು ನೆಲೆಸಲು ಅನುಕೂಲವಾಗುವಂತೆ ಆ ಕಟ್ಟೆಗಳಿಗೆ ಸಂದುಗೊಂದುಗಳನ್ನು ಜೋಡಿಸಿದ್ದಾರೆ. ಅದು ಜಾಣ ವಿನ್ಯಾಸವೇ ಹೌದು, ಆದರೆ ಸಿಂಪಿ ಅಲ್ಲಿ ಬಾಡಿಗೆದಾರ. ಅಷ್ಟೇ ಅಲ್ಲ, ಆ ಕಟ್ಟೆಗಳ ಉದ್ದೇಶವೂ ಅಲೆಯನ್ನು ತಗ್ಗಿಸಿ ಕಡಲ್ಕೊರೆತ ಕಡಿಮೆ ಮಾಡುವುದೇ ಹೊರತು ಏರಿಬರುವ ನೀರನ್ನು ಹೊರಗೆ ನಿಲ್ಲಿಸುವುದಲ್ಲ.

ಇಷ್ಟು ಓದಿ ದಿಬ್ಬ ದಂಡವೆಂದು ತೀರ್ಮಾನಿಸುವವರು ಎರಡನೆಯ ತಪ್ಪು ಮಾಡುತ್ತಾರೆ. ದಡವನ್ನು ನಿಜವಾಗಿ ತಿನ್ನುವವರು ಯಾರು? ಹಲವು ಉಪ್ಪು ಜೌಗುಗಳ ಕೊರೆತವನ್ನು ಅಲೆಗಳ ದಾಖಲೆಯೊಂದಿಗೆ ತಾಳೆ ನೋಡಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೀರ್ಘಕಾಲದ ಕೊರೆತದಲ್ಲಿ ಭೀಕರ ಚಂಡಮಾರುತಗಳ ಪಾಲು ಶೇಕಡ 1ಕ್ಕಿಂತ ಕಡಿಮೆ ಎಂದು ತೋರಿಸಿತು. ಉಳಿದದ್ದು ಆಗಾಗ ಬೀಸುವ ಸಾಧಾರಣ ಗಾಳಿ ಎಬ್ಬಿಸುವ ಸಾಧಾರಣ ಅಲೆಗಳ ಕೆಲಸ. ಇವು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಆದರೆ ದಿಬ್ಬಕ್ಕೆ ನಿಲುಕುವುದು ಇಂಥ ಅಲೆಗಳೇ. ಆದ್ದರಿಂದ ದಿಬ್ಬದ ಲಾಭವನ್ನು ಅಳೆಯಬೇಕಾದದ್ದು ಚಂಡಮಾರುತದ ಮರುದಿನ ಅಲ್ಲ, ಸುಮ್ಮನೆ ಕಳೆದುಹೋಗುವ ಹಲವಾರು ವರ್ಷಗಳ ಲೆಕ್ಕದಲ್ಲಿ.

ಆ ಲಾಭವೂ ಎಲ್ಲೆಡೆ ಒಂದೇ ತೆರನಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಕರಾವಳಿಯಲ್ಲಿ ಎರಡು ಕಡೆ ದಿಬ್ಬಗಳನ್ನು ಹಾಕಿ ಪರೀಕ್ಷಿಸಿದಾಗ, ಒಂದು ಕಡೆ ದಡ ಹಿಂದೆ ಸರಿಯುವುದು ಶೇಕಡ 40ಕ್ಕೂ ಹೆಚ್ಚು ಕಡಿಮೆಯಾಯಿತು. ಆದರೂ ಎರಡೂ ಕಡೆ ದಡ ಸರಿಯುವುದು ನಿಲ್ಲಲಿಲ್ಲ. 2011ರಲ್ಲಿ ಪ್ರಕಟವಾದ ಈ ಫಲಿತಾಂಶದ ಮೊದಲರ್ಧವನ್ನು ಮಾತ್ರ ಉಲ್ಲೇಖಿಸುವವರೇ ಹೆಚ್ಚು. ಬಾಂಗ್ಲಾದೇಶದ ಕುತುಬ್ದಿಯಾ ದ್ವೀಪದಲ್ಲಿ ಕಾಂಕ್ರೀಟ್ ಬಳೆಗಳನ್ನು ಸಾಲಾಗಿ ಇಟ್ಟು ಸಿಂಪಿ ಬೆಳೆಯಲು ಬಿಟ್ಟಾಗ, ಮುಂಗಾರಿನ ಅಬ್ಬರದ ನಡುವೆಯೂ ಹಿಂಬದಿಯ ಕೆಸರುಬಯಲು ಸ್ಥಿರಗೊಂಡು ಜೌಗು ಹುಲ್ಲು ಕಡಲಿನತ್ತ ಮುಂದುವರಿಯಿತು. ಅಳಿವೆ, ಹಿನ್ನೀರು, ಕೊಲ್ಲಿಗಳಂಥ ಮರೆಯಿರುವ, ಉಪ್ಪು ಸಿಹಿನೀರು ಬೆರೆಯುವ ಜಾಗಗಳೇ ಇದಕ್ಕೆ ತಕ್ಕವು. ನೇರವಾಗಿ ಮಹಾಸಾಗರಕ್ಕೆ ತೆರೆದ ಮರಳಿನ ಕಿನಾರೆಯಲ್ಲಿ ಓಡಾಡುವ ಮರಳೇ ಎಳೆಯ ಸಿಂಪಿಗಳನ್ನು ಹೂತುಹಾಕುತ್ತದೆ. ಅಲ್ಲಿಗೆ ಈ ಉಪಾಯವನ್ನು ಒಯ್ಯದಿರುವುದೇ ಒಳಿತು.

ಕಲ್ಲುಗೋಡೆಗಿಲ್ಲದ ಒಂದು ಗುಣ ದಿಬ್ಬಕ್ಕಿದೆ. ಗೋಡೆ ಕಟ್ಟಿದ ದಿನದ ಎತ್ತರದಲ್ಲೇ ಇರುತ್ತದೆ. ಸಮುದ್ರದ ಮಟ್ಟ ಈಗ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 4 ಮಿಲಿಮೀಟರಿನಷ್ಟು ಏರುತ್ತಿದ್ದು, ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಲೇಸರ್ ಉಪಕರಣದಿಂದ ಅಳೆದ ಆರೋಗ್ಯವಂತ ದಿಬ್ಬಗಳು ಅದಕ್ಕಿಂತ ಬಹಳ ವೇಗವಾಗಿ ಮೇಲೇರುವ ಸಾಮರ್ಥ್ಯ ತೋರಿವೆ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ: ದಿಬ್ಬಕ್ಕೆ ಬೇಕಾದ ಚಿಪ್ಪು ಎಲ್ಲಿಂದ ಬರಬೇಕು? ಜಗತ್ತಿನ ಸಿಂಪಿ ದಿಬ್ಬಗಳಲ್ಲಿ ಸುಮಾರು ಶೇಕಡ 85ರಷ್ಟು ನಾಶವಾಗಿವೆ ಎಂಬುದು 2011ರ ಅಂದಾಜು. ಮಾಂಸ ತಿಂದದ್ದು ಒಂದು ನಷ್ಟವಾದರೆ, ಚಿಪ್ಪನ್ನು ಸುಣ್ಣ ಸುಡಲು, ರಸ್ತೆಗೆ ಹಾಸಲು ಒಯ್ದು ನೀರಿಗೆ ಮರಳಿಸದೇ ಇದ್ದದ್ದು ಇನ್ನೂ ದೊಡ್ಡ ನಷ್ಟ, ಏಕೆಂದರೆ ಮುಂದಿನ ತಲೆಮಾರಿನ ನೆಲೆಯೇ ಹೋಯಿತು. ಸಮುದ್ರದಲ್ಲಿ ಚಿಪ್ಪು ಶಾಶ್ವತವೂ ಅಲ್ಲ. ನಿಧಾನವಾಗಿ ಕರಗುತ್ತದೆ, ಸ್ಪಂಜು ಜೀವಿಗಳು ಅದನ್ನು ಕೊರೆದು ಪುಡಿ ಮಾಡುತ್ತವೆ. ಬದುಕಿರುವ ಸಿಂಪಿಗಳು ಸೇರಿಸುವ ಚಿಪ್ಪು ಹೀಗೆ ಸವೆಯುವುದಕ್ಕಿಂತ ಹೆಚ್ಚಿದ್ದರೆ ಮಾತ್ರ ದಿಬ್ಬ ಉಳಿಯುತ್ತದೆ. ಹೋಟೆಲುಗಳಿಂದ ಚಿಪ್ಪು ಸಂಗ್ರಹಿಸಿ, ರೋಗಾಣುಗಳು ಸಾಯಲೆಂದು ತಿಂಗಳುಗಟ್ಟಲೆ ಬಿಸಿಲಿಗೆ ಹರಡಿ, ಬಳಿಕ ನೀರಿಗಿಳಿಸುವ ಕೆಲಸ ಹಲವೆಡೆ ನಡೆಯುತ್ತಿದೆ. ಅದು ಸಾಲದ ಕಡೆ ಕಲ್ಲು, ಕಾಂಕ್ರೀಟು ಬಳಸುತ್ತಾರೆ.

ಹಾಗೆ ಬೆಳೆಸಿದ ದಿಬ್ಬದಿಂದ ಸಿಂಪಿ ಕೊಯ್ಯಬಹುದೇ ಎಂದರೆ, ಮೇಲಿನ 0.78ರ ಲೆಕ್ಕವನ್ನು ಮತ್ತೆ ತೆಗೆಯಬೇಕು. ಉತ್ತರ ಕೆರೊಲಿನಾದಲ್ಲಿ ನಡೆದ ಪ್ರಯೋಗವೊಂದರಲ್ಲಿ, ದೋಣಿಯಿಂದ ಕಬ್ಬಿಣದ ಬಾಚಣಿಗೆಬಲೆ ಎಳೆದು ಸಿಂಪಿ ಕಿತ್ತಾಗ ದಿಬ್ಬದ ಎತ್ತರದಲ್ಲಿ ಸುಮಾರು ಮೂರನೆಯ ಒಂದು ಭಾಗ ಹೋಯಿತು; ಮುಳುಗುಗಾರರು ಕೈಯಿಂದ ಆರಿಸಿದಾಗ ಆದ ನಷ್ಟ ಅದಕ್ಕಿಂತ ಬಹಳ ಕಡಿಮೆ. ಅಲೆ ಒಡೆಯುವುದು ನೆತ್ತಿಯ ಮೇಲಿನ ನೀರಿನ ಆಳವನ್ನು ಅವಲಂಬಿಸಿರುವುದರಿಂದ, ದಡ ಕಾಯಲೆಂದು ಬೆಳೆಸಿದ ದಿಬ್ಬದಲ್ಲಿ ಬಲೆ ಎಳೆಯುವುದನ್ನು ಮೊದಲ ದಿನದಿಂದಲೇ ನಿಷೇಧಿಸಬೇಕಾಗುತ್ತದೆ.