‘ಯಾವ ಬೇಸ್ ಬೇಕು?’ ಅಂತ ಕೇಳಿದರೆ ನಿಜ ಹೇಳಬಹುದಾ?

ಪ್ರಶ್ನೆ: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕೈಗೆ ಬಂದಿದೆ. 200 ಗಂಟೆ ಹಾರಾಟ ಮುಗಿದಿದೆ. ಏರ್‌ಲೈನ್ ಇಂಟರ್ವ್ಯೂನಲ್ಲಿ ‘ಏರ್‌ಬಸ್ ಇಷ್ಟಾನಾ, ಎಟಿಆರ್ (ಪ್ರೊಪೆಲ್ಲರ್ ಇರೋ ಚಿಕ್ಕ ವಿಮಾನ) ಇಷ್ಟಾನಾ? ಯಾವ ಬೇಸ್ (ಡ್ಯೂಟಿ ಶುರುವಾಗೋ ಊರು) ಬೇಕು?’ ಎಂದು ಕೇಳುತ್ತಾರಂತೆ. ನನಗೆ ಬೇಕಾಗಿರೋದು ಏರ್‌ಬಸ್, ಅದೂ ಬೆಂಗಳೂರಲ್ಲೇ. ಹಾಗಂತ ಹೇಳಿದರೆ ಕೆಲಸ ಕೈತಪ್ಪುತ್ತಾ?

ಉತ್ತರ: ಆಸೆ ಹೇಳಿಕೊಂಡಿದ್ದಕ್ಕೇ ಯಾರೂ ಬಾಗಿಲು ಹಾಕಲ್ಲ. ‘ಅದು ಬಿಟ್ಟು ಬೇರೇನೂ ಬೇಡ’ ಅನ್ನೋ ಹಾಗೆ ಹೇಳಿದರೆ ಹಾಕಬಹುದು.

ಹುಡುಗರು ಹೆದರಿಕೊಂಡು ಹೇಳುವ ಉತ್ತರ ಒಂದೇ: ‘ಎಲ್ಲಿ ಹಾಕಿದ್ರೂ ಓಕೆ ಸರ್, ಯಾವುದು ಕೊಟ್ರೂ ಓಕೆ ಸರ್.’ ಎದುರಿಗೆ ಕೂತ ಕ್ಯಾಪ್ಟನ್ ಬೆಳಗ್ಗಿಂದ ಇದನ್ನೇ ಕೇಳಿ ಕೇಳಿ ಸಾಕಾಗಿರುತ್ತಾರೆ. ಅವರ ಮುಂದಿನ ಪ್ರಶ್ನೆ ‘ಯಾಕೆ?’ ಅನ್ನೋದು. ಸಿಕ್ಕಿಬೀಳೋದು ಅಲ್ಲೇ.

ಪರಿಚಯದ ಹುಡುಗನೊಬ್ಬನನ್ನು ಮನೆಯಲ್ಲಿ ಕೂರಿಸಿಕೊಂಡು ಸುಮ್ನೆ ಇಂಟರ್ವ್ಯೂ ಥರ ಮಾಡುತ್ತಿದ್ದೆ. ‘ಎಟಿಆರ್ ಅಂದ್ರೆ ಪ್ರಾಣ ಸರ್’ ಅಂದ. ‘ಅದರಲ್ಲಿ ಆಟೋಥ್ರಾಟಲ್ (ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸೋ ವ್ಯವಸ್ಥೆ) ಇದೆಯಾ?’ ಅಂತ ಕೇಳಿದೆ. ಫ್ಯಾನ್ ಕಡೆ ನೋಡಿದ. ‘ಇದೆ ಸರ್’ ಅಂದ. ಎಟಿಆರ್ 72ರಲ್ಲಿ ಅದಿಲ್ಲ, ಪವರ್ ಲಿವರ್ ಪೈಲಟ್ ಕೈಯಲ್ಲೇ ಇರುತ್ತದೆ. ಪ್ರಾಣ ಅಂದವನಿಗೆ ಇಷ್ಟಾದರೂ ಗೊತ್ತಿರಬೇಕಲ್ವಾ?

ಟೀ ಕುಡಿದು ಮತ್ತೆ ಕೂತಾಗ ಅವನು ಹೇಳಿದ್ದು ಹೀಗೆ: ‘ಸರ್, ನನ್ನ ಆಸೆ ಏರ್‌ಬಸ್. ಮುಂದೆ ದೊಡ್ಡ ವಿಮಾನಕ್ಕೆ ಹೋಗಬೇಕು ಅಂತಿದೆ. ಈಗ ಎಟಿಆರ್ ಕೊಟ್ಟರೂ ಖುಷಿಯಿಂದ ಬರ್ತೀನಿ. ಸಣ್ಣ ಸಣ್ಣ ಸೆಕ್ಟರ್ (ಹಾರಾಟ), ಒಂದೇ ದಿನ ಮೂರ್ನಾಲ್ಕು ಲ್ಯಾಂಡಿಂಗ್ ನೋಡೋಕೆ ಸಿಗುತ್ತೆ. ಮೈಸೂರಿನಂಥ 1,740 ಮೀಟರ್ ರನ್‌ವೇ ಮೇಲೆ ಕಲಿಯೋದು ಬೇರೇನೇ.’ ಇದರಲ್ಲಿ ಸುಳ್ಳಿಲ್ಲ. ಏನು ಇಷ್ಟ, ಏನಕ್ಕೆ ತಯಾರು, ಯಾಕೆ ಅನ್ನೋ ಮೂರೂ ಬಂತು. ‘ಯಾಕೆ’ಗೆ ಮಾತ್ರ ಮೊದಲೇ ಓದಿಕೊಂಡು ಹೋಗಬೇಕು.

ಬೇಸ್ ವಿಷಯ ಸ್ವಲ್ಪ ನಾಜೂಕು. ಇಲ್ಲಿ ಆಸೆ ಬೇರೆ, ಕಷ್ಟ ಬೇರೆ. ‘ಬೆಂಗಳೂರಲ್ಲಿ ಫ್ರೆಂಡ್ಸ್ ಇದ್ದಾರೆ’ ಅನ್ನೋದು ಆಸೆ. ‘ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ನೋಡಿಕೊಳ್ಳೋಕೆ ನಾನೊಬ್ಬನೇ’ ಅನ್ನೋದು ಕಷ್ಟ. ಆಸೆಯನ್ನು ಬಿಟ್ಟುಕೊಡಬಹುದು. ಕಷ್ಟವನ್ನು ಮುಚ್ಚಿಟ್ಟರೆ ಆರು ತಿಂಗಳಲ್ಲಿ ರೋಸ್ಟರೇ (ಡ್ಯೂಟಿ ಪಟ್ಟಿ) ಅದನ್ನು ಹೊರಗೆ ಹಾಕುತ್ತದೆ. ಅಷ್ಟರಲ್ಲಿ ಟ್ರೈನಿಂಗ್ ಬಾಂಡ್‌ಗೆ (ಇಷ್ಟು ಕಾಲ ಕೆಲಸ ಬಿಡಲ್ಲ ಅನ್ನೋ ಕರಾರು) ಸಹಿ ಬಿದ್ದಿರುತ್ತದೆ. ಬಿಟ್ಟು ಬರೋಣ ಅಂದರೆ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) 2017ರಲ್ಲಿ ತಂದ ನಿಯಮದಂತೆ ಫಸ್ಟ್ ಆಫೀಸರ್‌ಗೆ (ಸಹ ಪೈಲಟ್) 6 ತಿಂಗಳ ನೋಟಿಸ್, ಕ್ಯಾಪ್ಟನ್‌ಗೆ 1 ವರ್ಷ. ಕಂಪನಿಯವರು ಇದನ್ನೆಲ್ಲ ಸುಮ್ನೆ ಕೇಳೋದಲ್ಲ. ಟೈಪ್ ರೇಟಿಂಗ್‌ಗೆ (ಒಂದು ಮಾದರಿಯ ವಿಮಾನ ಹಾರಿಸೋಕೆ ಬೇಕಾದ ತರಬೇತಿ, ಅರ್ಹತೆ) ಲಕ್ಷಗಟ್ಟಲೆ ಖರ್ಚಿದೆ. ಕಲಿತವನು ಓಡಿಹೋಗುತ್ತಾನಾ ಅನ್ನೋದು ಅವರ ಚಿಂತೆ.

ನಾನೂ ಹಿಂದೆ ‘ಎನಿ ಬೇಸ್’ ಅಂದವನೇ. ಉತ್ತರದ ಒಂದು ಊರಿಗೆ ಹಾಕಿದರು. ಚಳಿಗಾಲವಿಡೀ ಮಂಜು. ವಿಮಾನ ಹೊರಡಲ್ಲ, ಮನೆಗೂ ಹೋಗೋ ಹಾಗಿಲ್ಲ. ಬೇಸ್ ಬದಲಿಸಿ ಅಂತ ಅರ್ಜಿ ಹಿಡಿದು ಹೋದರೆ ರೋಸ್ಟರಿಂಗ್‌ನವರು ನನ್ನದೇ ಹಳೇ ಫಾರ್ಮ್ ತೆಗೆದು ತೋರಿಸಿದರು. ‘ನೀವೇ ಬರೆದಿದ್ದೀರಲ್ಲ ಸರ್.’ ಏನು ಹೇಳಲಿ?

ಹಾಗಂತ ಮನಸ್ಸಲ್ಲಿರೋದನ್ನೆಲ್ಲ ಸುರಿಯಬೇಕಾಗಿಲ್ಲ. ಹತ್ತು ವರ್ಷ ಆದಮೇಲೆ ಗಲ್ಫ್ ಕಡೆ ಹೋಗೋ ಕನಸಿದ್ದರೆ ಅದು ನಿಮ್ಮ ಹತ್ತಿರವೇ ಇರಲಿ, ಅವರು ಕೇಳಿಲ್ಲ. ಆದರೆ ಫೇಲ್ ಆದ ಚೆಕ್ (ಹಾರಾಟದ ಪರೀಕ್ಷೆ), ಮೆಡಿಕಲ್, ಲಾಗ್‌ಬುಕ್ ಗಂಟೆಗಳ ಬಗ್ಗೆ ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿ. ಅದೆಲ್ಲ ಇಷ್ಟಾನಿಷ್ಟದ ಮಾತಲ್ಲ, ದಾಖಲೆ.

ಕೊನೆಗೊಂದು ಚಿಕ್ಕ ವಿಷಯ. ಕೆಲವು ಫಾರ್ಮ್‌ಗಳಲ್ಲಿ ಮೂರು ಬೇಸ್ ಬರೆಯೋಕೆ ಜಾಗ ಇರುತ್ತದೆ. ಬೆಂಗಳೂರು, ಹೈದರಾಬಾದ್ ಬರೆದು ಮೂರನೇದು ಖಾಲಿ ಕಾಣುತ್ತಲ್ಲ ಅಂತ ಸುಮ್ನೆ ದೆಹಲಿ ಅಂತ ತುಂಬಬೇಡಿ. ಸಿಗೋದು ಅದೇ.